ಗಣಿತ ಟೀಚರ್ಸ್ ಸೇರ್ಕೊಂಡು ಒಂದೇ ಲೆಕ್ಕ ಮಾಡಿಸೋದು ಹೇಗೆ

ಕ್ಲಸ್ಟರ್ ಮೀಟಿಂಗಲ್ಲಿ, ಅಂದ್ರೆ ಸುತ್ತಮುತ್ತಲ ಸ್ಕೂಲುಗಳ ಟೀಚರ್ಸ್ ಸೇರೋ ಸಭೇಲಿ, ಗಣಿತದವರು ಸಿಕ್ಕಿದ್ರೆ ಸಿಲಬಸ್ ಎಲ್ಲಿಗೆ ಬಂತು, ಆನ್‌ಲೈನ್ ಎಂಟ್ರಿ ಆಯ್ತಾ, ಇಷ್ಟೇ ಮಾತು. ಅದ್ರಲ್ಲೇ ಅರ್ಧ ಗಂಟೆ ಕಿತ್ಕೊಂಡು, ಎಲ್ಲರೂ ಸೇರಿ ಕ್ಲಾಸಲ್ಲಿ ಮಾಡಿಸಿ ನೋಡೋಕೆ ಒಂದು ಲೆಕ್ಕ ಆರಿಸ್ಕೊಳ್ಳಿ. ಅಕ್ಕಪಕ್ಕದ ಸ್ಕೂಲಿನ ಮೂರ್ನಾಲ್ಕು ಜನ ಇದ್ರೆ ಸಾಕು.

ಉತ್ತರ ಒಂದೇ ಇರೋ ಲೆಕ್ಕ ಬೇಡ. ನಮ್ ಕೋಲಾರದ ಕಡೆ ಮಕ್ಕಳಿಗೆ ತೋಟ ಹೇಳ್ಕೊಡೋದೇ ಬೇಡ, ಅದಕ್ಕೆ ಆರನೇ ಕ್ಲಾಸಿಗೆ ಹೀಗೆ ಕೇಳಿ: "24 ಮೀಟರ್ ಬಲೆ ಇದೆ, ಸುತ್ತ ಕಟ್ಟಿ ಆಯತಾಕಾರದ ಸೊಪ್ಪಿನ ಪಾತಿ ಮಾಡ್ಬೇಕು, ಎಷ್ಟು ಥರ ಮಾಡ್ಬಹುದು, ಯಾವುದ್ರಲ್ಲಿ ಜಾಗ ಜಾಸ್ತಿ?" ಕ್ಲಾಸಿಗೆ ಹೋಗೋ ಮುಂಚೆ ನೀವೇ ಕೂತು ಬಿಡಿಸಿ. 1 ಮತ್ತು 11 ಅಂದ್ರೆ 11 ಚದರ ಮೀಟರ್, 4 ಮತ್ತು 8 ಅಂದ್ರೆ 32, 5 ಮತ್ತು 7 ಅಂದ್ರೆ 35, 6 ಮತ್ತು 6 ಅಂದ್ರೆ 36. ಇಲ್ಲೇ "ಚೌಕ ಆಯತ ಹೇಗಾಗುತ್ತೆ ಸಾರ್" ಅಂತ ಜಗಳ ಶುರುವಾಗುತ್ತೆ, ಆಗ್ಲಿ ಬಿಡಿ, ತೀರ್ಪು ಕೊಡೋಕೆ ಓಡಬೇಡಿ, ಆಯತ ಅಂದ್ರೆ ಏನು ಅಂತ ಅವರ ಬಾಯಲ್ಲೇ ಬರ್ಲಿ. ಇನ್ಯಾವನೋ 5.5 ಮತ್ತು 6.5 ಬರೀತಾನೆ, ಅಲ್ಲಿಗೆ "ಎಷ್ಟು ಥರ" ಅನ್ನೋದಕ್ಕೆ ಕೊನೆನೇ ಇಲ್ಲ. ಒಂದು ಕಡೆ ಮನೆ ಗೋಡೆ ಇದ್ರೆ ಅಲ್ಲಿ ಬಲೆ ಯಾಕೆ ಅಂತ ಕೇಳೋ ಹುಡುಗಿ ಸಿಕ್ಕಿದ್ರಂತೂ ಅದೃಷ್ಟ, 6 ಮತ್ತು 12 ಆಗಿ 72ಕ್ಕೆ ಹೋಗುತ್ತೆ, ಡಬಲ್!

ಒಬ್ಬರು ಪಾಠ ಮಾಡ್ಲಿ, ಉಳಿದವರು ಮಕ್ಕಳ ಪಕ್ಕ ಕೂತು ನೋಟ್ ಮಾಡ್ಕೊಳ್ಳಿ. ನೋಡಬೇಕಿರೋದು ಟೀಚರನ್ನಲ್ಲ, ಮಕ್ಕಳ ಕೈಯನ್ನ: ಎಲ್ಲಿ ಅಳಿಸಿದ್ರು, ಯಾರು ಚಿತ್ರ ಬರೆದ್ರು, ಯಾರು ಪಟ್ಟಿ ಮಾಡಿದ್ರು. ಜಪಾನಿನ ಟೀಚರ್ಸ್ ಬಹಳ ಕಾಲದಿಂದ ಹೀಗೇ ಮಾಡ್ತಾರೆ, ಲೆಸನ್ ಸ್ಟಡಿ ಅಂತಾರೆ. ಕಷ್ಟ ಇರೋದು ಬಾಯಿ ಮುಚ್ಕೊಂಡು ಕೂರೋದ್ರಲ್ಲಿ, ನಮ್ಗೆ ಅದೊಂದು ಬರಲ್ಲ.

ಹೆಡ್‌ಮಾಸ್ಟರ್‌ಗೆ ಮೊದ್ಲೇ ಹೇಳಿ ಪಿರಿಯಡ್ ಹೊಂದಿಸ್ಕೊಳ್ಳಿ. ಇಬ್ಬರೇ ಟೀಚರ್ ಇರೋ ಸ್ಕೂಲಿಂದ ಹೊರಡೋಕೆ ಆಗಲ್ಲ, ಅಂಥವರಿಗೆ ನೋಟ್‌ಬುಕ್ ಫೋಟೋ ವಾಟ್ಸಾಪಲ್ಲಿ ಹಾಕಿ, ಮಕ್ಕಳ ಹೆಸರು ಕಾಣದ ಹಾಗೆ.

ಆಮೇಲೆ ಕೂತಾಗ ಯಾರು ಸರಿ ಅನ್ನೋದಕ್ಕಿಂತ ಎಷ್ಟು ದಾರಿ ಬಂತು, ಒಂದಕ್ಕೊಂದು ಎಷ್ಟು ಬೇರೆ, ಯಾರೂ ಯೋಚಿಸದ್ದು ಯಾವುದು ಅಂತ ನೋಡಿ. ಇದಕ್ಕೆ ಮಾರ್ಕ್ಸ್ ಮಾತ್ರ ಬೇಡ, ಹಾಕಿದ್ರೆ ಮಾರನೇ ದಿನದಿಂದ ಎಲ್ಲರೂ ಸೇಫ್ ಉತ್ತರಾನೇ ಬರೀತಾರೆ. ಪ್ರಶ್ನೆ ಎಲ್ಲಿ ಗೊಂದಲ ಆಯ್ತೋ ಅಲ್ಲಿ ತಿದ್ದಿ, ಮುಂದಿನ ವಾರ ಪಕ್ಕದ ಊರಿನ ಸ್ಕೂಲಲ್ಲಿ ಇನ್ನೊಬ್ಬರು ಮಾಡ್ಲಿ.