ಸುಣ್ಣ ಬಿದ್ದ ಕಣ್ಣು, ಇಂಗ್ಲೆಂಡಿನ ಆಸ್ಪತ್ರೆ: ಮಂಡ್ಯ–ಮೈಸೂರಿನವರಿಗೆ ದಾರಿ

ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ ಕೂತರೆ ನಮ್ಮ ಕಡೆ ‘ಕಣ್ಣಿಗೆ ಹೂ ಬಿದ್ದಿದೆ’ ಅನ್ನುತ್ತಾರೆ. ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಲೆಂದು ಕೊಪ್ಪರಿಗೆಗೆ ಸುಣ್ಣ ಹಾಕುವಾಗ ಸಿಡಿದದ್ದು, ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗ ಹಾರಿದ್ದು, ಎಲೆಅಡಿಕೆ ತಟ್ಟೆಯ ಸುಣ್ಣದ ಪೊಟ್ಟಣವನ್ನು ಮಗು ಹಿಸುಕಿದಾಗ ಚಿಮ್ಮಿದ್ದು ಇಂಥ ಹೂವಾಗಿ ಉಳಿದುಬಿಡುತ್ತದೆ. ಆ ಕಣ್ಣಲ್ಲೇ ಓದಿ, ಕೆಲಸ ಹಿಡಿದು ಇಂಗ್ಲೆಂಡಿಗೆ ಬಂದವರು ಕೇಳುವ ಮೊದಲ ಪ್ರಶ್ನೆ, ‘ದಾನಿಯ ಕಣ್ಣು ಹಾಕಿಸಿಕೊಂಡರೆ ಸರಿಹೋಗುತ್ತಾ?’ ಎಂಬುದು. ಸುಟ್ಟ ಕಣ್ಣಿಗೆ ಬರೀ ಅಷ್ಟು ಮಾಡಿದರೆ ಸರಿಹೋಗುವುದಿಲ್ಲ. ಮೊದಲು ಉರಿಯೂತ ಆರಬೇಕು, ಆಮೇಲೆ ಕಾಂಡಕೋಶ, ಅಂದರೆ ಹೊಸ ಕೋಶ ಹುಟ್ಟಿಸುವ ಸ್ಟೆಮ್ ಸೆಲ್, ನೆಡಬೇಕು. ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಕಸಿ ಮಾಡುವುದು ಕೊನೆಗೆ. ಈ ಸರದಿ ತಪ್ಪಿದರೆ ದಾನಿ ಕೊಟ್ಟ ಕಾರ್ನಿಯಾ ದಕ್ಕುವುದಿಲ್ಲ.

ಕಾರಣ ಗದ್ದೆ ಮಾಡಿದವರಿಗೆ ಬೇಗ ತಿಳಿಯುತ್ತದೆ. ಕಣ್ಣಿನ ಕಪ್ಪು ಮತ್ತು ಬಿಳಿ ಕೂಡುವ ಅಂಚಿಗೆ ಲಿಂಬಸ್ ಎಂದು ಹೆಸರು. ಅಗಲ ಒಂದೆರಡು ಮಿಲಿಮೀಟರ್. ಅದು ಕಾರ್ನಿಯಾದ ಒಟ್ಲು, ಅಂದರೆ ಸಸಿಮಡಿ. ಅಲ್ಲಿಯ ಕಾಂಡಕೋಶಗಳಿಂದ ಹೊಸ ಕೋಶಗಳು ಹುಟ್ಟಿ ನಡುವಿಗೆ ಸರಿಯುತ್ತವೆ, ವಾರ ಹತ್ತು ದಿನಕ್ಕೊಮ್ಮೆ ಮೇಲ್ಪದರ ಹೊಸದಾಗುತ್ತಿರುತ್ತದೆ. ಸುಣ್ಣ ಕ್ಷಾರ. ಅದು ಕೋಶಗಳ ಕೊಬ್ಬನ್ನೇ ಕರಗಿಸಿಕೊಂಡು ಆಳಕ್ಕೆ ಇಳಿಯುತ್ತದೆ. ಒಟ್ಲು ಸುಟ್ಟರೆ ಪೈರು ಎಲ್ಲಿಂದ ಬರಬೇಕು? ಖಾಲಿಯಾದ ಜಾಗಕ್ಕೆ ಬಿಳಿಭಾಗದ ಪದರವೇ ರಕ್ತನಾಳಗಳ ಸಮೇತ ಹಬ್ಬುತ್ತದೆ, ಗದ್ದೆಗೆ ಕಳೆ ನುಗ್ಗಿದ ಹಾಗೆ. ದಾನಿಯ ಕಾರ್ನಿಯಾ ಹೊಲಿದರೂ ಅದರ ಮೇಲ್ಪದರ ಕೆಲವು ತಿಂಗಳಲ್ಲಿ ಸವೆಯುತ್ತದೆ, ಅದನ್ನು ತುಂಬಲು ಒಟ್ಲೇ ಇರುವುದಿಲ್ಲ.

ಈಗಷ್ಟೇ ಬಿದ್ದಿದ್ದರೆ

ಇಲ್ಲಿನ ಭಾರತೀಯ ಅಂಗಡಿಗಳಲ್ಲೂ ಸುಣ್ಣದ ಪೊಟ್ಟಣ ಸಿಗುತ್ತದೆ. ಸಿಡಿದರೆ ಫೋನ್ ಹುಡುಕುವ ಮೊದಲು ನಲ್ಲಿ ತಿರುಗಿಸಿ. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 20–30 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಅಂದರೆ ಎ ಅಂಡ್ ಇಗೆ ಹೋಗಿ. ಎದೆಹಾಲು, ನಂದಿಬಟ್ಟಲ ರಸ, ಹರಳೆಣ್ಣೆ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಬಣ್ಣದ ಕಾಗದದ ಪಟ್ಟಿ ತಾಗಿಸಿ ಕ್ಷಾರ ಎಷ್ಟಿದೆ ನೋಡುತ್ತಾರೆ. ಪಿಎಚ್ ಅಳತೆ ಸುಮಾರು 7ಕ್ಕೆ, ಅಂದರೆ ಕ್ಷಾರವೂ ಆಮ್ಲವೂ ಅಲ್ಲದ ಮಟ್ಟಕ್ಕೆ, ಬಂದು ಅಲ್ಲೇ ನಿಲ್ಲುವ ತನಕ ತೊಳೆಯುತ್ತಲೇ ಇರುತ್ತಾರೆ. ಸುಣ್ಣದ ಹರಳು ಮೇಲಿನ ರೆಪ್ಪೆಯ ಒಳಮಡಿಕೆಯಲ್ಲಿ ಅಡಗಿ ಕೂತು ಗಂಟೆಗಟ್ಟಲೆ ಸುಡುತ್ತಿರುತ್ತದೆ. ಅದಕ್ಕೇ ‘ಬಿದ್ದದ್ದು ಸುಣ್ಣ, ರೆಪ್ಪೆ ಮಗುಚಿ ನೋಡಿ’ ಎಂದು ಬಾಯಿಬಿಟ್ಟು ಹೇಳಿ.

ಕೆಂಪು, ನೋವು, ಬೆಳಕಾಗದಿರುವುದು

ಹಳೆಯ ಗಾಯದ ಕಣ್ಣು ಆಗಾಗ ಕೆಂಪಾಗುತ್ತದೆ. ಗಾಯವೇ ಆಗದ ಕಣ್ಣಿಗೂ ಒಳಗಿನ ಉರಿಯೂತ, ಅಂದರೆ ಯುವೈಟಿಸ್, ಬರಬಹುದು. ಮದ್ರಾಸ್ ಐ ಬಂದರೆ ಪಿಸುರು, ತುರಿಕೆ ಇರುತ್ತದೆ, ದೃಷ್ಟಿ ಹಾಗೇ ಇರುತ್ತದೆ. ಕರಿಗುಡ್ಡೆಯ ಸುತ್ತ ಕೆಂಪು, ಒಳಗೆ ಹಿಂಡಿದಂಥ ನೋವು, ಬೆಳಕು ಚುಚ್ಚುವುದು, ಮಂಜು ಕವಿಯುವುದು ಇದ್ದರೆ ಅವತ್ತೇ ತೋರಿಸಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಬರೀ ಕೆಂಪಾದರೂ ಲೆನ್ಸ್ ತೆಗೆದು ಅವತ್ತೇ ಹೋಗಿ.

ಊರಲ್ಲಾದರೆ ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇವೆ. ಇಲ್ಲಿ ಎಲ್ಲದಕ್ಕೂ ಜಿಪಿ, ಅಂದರೆ ಹೆಸರು ನೋಂದಾಯಿಸಿದ ಸಾಮಾನ್ಯ ಡಾಕ್ಟರು, ಬಾಗಿಲು ಅನ್ನುವುದು ನಿಜವಾದರೂ ಕೆಂಪು ಕಣ್ಣಿಗೆ ಅದು ಸುತ್ತು ದಾರಿ, ಏಕೆಂದರೆ ಬಹುತೇಕ ಜಿಪಿಗಳ ಬಳಿ ಕಣ್ಣನ್ನು ಹಿಗ್ಗಿಸಿ ನೋಡುವ ಸ್ಲಿಟ್ ಲ್ಯಾಂಪ್ ಇರುವುದಿಲ್ಲ. ಪೇಟೆಬೀದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ಬಳಿ ಇರುತ್ತದೆ. ಇಂಗ್ಲೆಂಡಿನ ಹಲವು ಕಡೆ ಅವರಲ್ಲೇ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಖರ್ಚಿನ ತುರ್ತು ಕಣ್ಣಿನ ಸೇವೆ ಇದೆ. ಫೋನಿನಲ್ಲಿ ‘ಅರ್ಜೆಂಟ್ ಐ ಅಪಾಯಿಂಟ್‌ಮೆಂಟ್’ ಎಂದೇ ಕೇಳಿ. ರಾತ್ರಿಯಾದರೆ ಆ ಸೇವೆಯ ಸಹಾಯವಾಣಿ 111ಕ್ಕೆ ಕರೆಮಾಡಿ. ಲಂಡನ್ನಿನವರಿಗೆ ಸಿಟಿ ರೋಡಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಕಣ್ಣಿನ ಎ ಅಂಡ್ ಇ ಹಗಲೂ ರಾತ್ರಿ ತೆರೆದಿರುತ್ತದೆ.

ನಮ್ಮವರು ಎಡವುವುದು ಔಷಧಿಯಲ್ಲಿ. ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಸ್ಟೆರಾಯ್ಡ್ ಹನಿಯನ್ನು ಯಾವ ಕೆಂಪಿಗಾದರೂ ಬಿಟ್ಟುಕೊಳ್ಳುತ್ತಾರೆ. ಕೆಂಪಿಗೆ ಕಾರಣ ಹರ್ಪಿಸ್ ವೈರಸ್ಸಿನ ಹುಣ್ಣಾಗಿದ್ದರೆ ಆ ಹನಿ ಹುಣ್ಣನ್ನು ಹರಡಿಸುತ್ತದೆ. ಇಲ್ಲಿ ಕ್ಲೋರಾಂಫೆನಿಕಾಲ್ ಹನಿಯನ್ನು ಫಾರ್ಮಸಿಯಲ್ಲಿ ಚೀಟಿಯಿಲ್ಲದೆ ಕೊಡುತ್ತಾರೆ, ಸ್ಟೆರಾಯ್ಡ್ ಕೊಡುವುದಿಲ್ಲ. ಭಾರತದ ಡಾಕ್ಟರ ಚೀಟಿಯೂ ಇಲ್ಲಿ ನಡೆಯುವುದಿಲ್ಲ.

ಯುವೈಟಿಸ್ ಎಂದು ಖಚಿತವಾದರೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ 1% ಹನಿ ಶುರುವಿಗೆ ಗಂಟೆಗೊಂದು, ಆಮೇಲೆ ವಾರವಾರ ಇಳಿಸುತ್ತಾ ಸುಮಾರು ಆರು ವಾರ. ಜೊತೆಗೆ ಪಾಪೆ ಹಿಗ್ಗಿಸುವ ಸೈಕ್ಲೊಪೆಂಟೊಲೇಟ್. ಇದು ಹಾಕಿದರೆ ಅಕ್ಷರ ಮಸುಕಾಗುತ್ತದೆ ಎಂದು ಬಿಡುತ್ತಾರೆ. ಬಿಟ್ಟರೆ ಪಾಪೆ ಹಿಂದಿನ ಲೆನ್ಸಿಗೆ ಅಂಟಿಕೊಳ್ಳುತ್ತದೆ. ಮೂರೇ ದಿನಕ್ಕೆ ಕೆಂಪು ಹೋಯಿತೆಂದು ಸ್ಟೆರಾಯ್ಡ್ ನಿಲ್ಲಿಸಿದವರಿಗೆ ಉರಿಯೂತ ಮರಳಿ ಬರುತ್ತದೆ. ಹೆಚ್ಚು ದಿನ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಆದ್ದರಿಂದ ಒತ್ತಡ ನೋಡಲು ಕೊಟ್ಟ ದಿನಾಂಕ ತಪ್ಪಿಸಬೇಡಿ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಿ. ಹನಿ ಬಿದ್ದ ಮೇಲೆ ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದಿಲ್ಲ. ಭಾರತದಿಂದ ಬಂದವರಿಗೆ ಕ್ಷಯದ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಬರೆದುಕೊಟ್ಟರೆ ಗಾಬರಿ ಬೇಡ. ಕ್ಷಯದಿಂದಲೂ ಕಣ್ಣಿಗೆ ಉರಿಯೂತ ಬರುತ್ತದೆ, ಅದನ್ನು ಪತ್ತೆಹಚ್ಚುವ ಪರೀಕ್ಷೆ ಇದು.

ಕಾಂಡಕೋಶದ ಹಾದಿ

ಆಪ್ಟೋಮೆಟ್ರಿಸ್ಟ್ ಅಥವಾ ಜಿಪಿ ಬರೆದ ಪತ್ರ ಇಲ್ಲಿ ನೀವಿರುವ ಕಡೆಯ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗುತ್ತದೆ, ಅಲ್ಲಿಂದ ಕಾರ್ನಿಯಾ ಕನ್ಸಲ್ಟೆಂಟ್ ಎಂಬ ಹಿರಿಯ ತಜ್ಞರು, ಅವರಿಂದ ಮೂರ್‌ಫೀಲ್ಡ್ಸ್‌ನಂಥ ದೊಡ್ಡ ಕೇಂದ್ರ. ನ್ಯೂಕ್ಯಾಸಲ್ ಕೂಡ ಈ ಕೆಲಸಕ್ಕೆ ಹೆಸರಾದ ಊರು. ಪತ್ರದಲ್ಲಿ ‘ಕಣ್ಣು ಮಂಜು’ ಎಂದಷ್ಟೇ ಇದ್ದರೆ ಸಾಮಾನ್ಯ ಸಾಲಿನಲ್ಲಿ ಕೂರುತ್ತೀರಿ. ‘ಕೆಮಿಕಲ್ ಬರ್ನ್, ಲಿಂಬಲ್ ಸ್ಟೆಮ್ ಸೆಲ್ ಡೆಫಿಶಿಯೆನ್ಸಿ ಇರಬಹುದು’ ಎಂದು, ಅಂದರೆ ರಾಸಾಯನಿಕದಿಂದ ಸುಟ್ಟು ಅಂಚಿನ ಕಾಂಡಕೋಶ ಕಮ್ಮಿಯಾಗಿರಬಹುದು ಎಂದು, ಬರೆಸಿ. ಪತ್ರ ಹೋದಂದಿನಿಂದ ಚಿಕಿತ್ಸೆ ಶುರುವಾಗಲು 18 ವಾರ ಎಂಬುದು ಎನ್‌ಎಚ್‌ಎಸ್ ಗುರಿ, ಮೀರುವುದು ಮಾಮೂಲು. ಮನೆ ಬದಲಿಸಿ ವಿಳಾಸ ತಿಳಿಸದೆ, ಅಪಾಯಿಂಟ್‌ಮೆಂಟ್ ಪತ್ರ ಹಳೆ ಮನೆಗೆ ಹೋಗಿ, ಬರಲಿಲ್ಲವೆಂದು ಹೆಸರು ಹೊಡೆದು ಜಿಪಿಗೆ ವಾಪಸ್ ಕಳಿಸುವುದು ಬಹಳ ನಡೆಯುತ್ತದೆ. ಎನ್‌ಎಚ್‌ಎಸ್ ಆ್ಯಪ್ ನೋಡುತ್ತಿರಿ, ಕನ್ಸಲ್ಟೆಂಟರ ಸೆಕ್ರೆಟರಿಯ ಫೋನ್ ನಂಬರ್ ಪತ್ರದ ಮೇಲೆಯೇ ಇರುತ್ತದೆ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿಯನ್ನು ಮೊದಲೇ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಮಂಡ್ಯದ ಮಿಮ್ಸೋ ಬೆಂಗಳೂರಿನ ಮಿಂಟೋವೋ, ಮೊದಲು ತೋರಿಸಿದಲ್ಲಿಯ ಡಿಸ್ಚಾರ್ಜ್ ಚೀಟಿಯನ್ನು ಮನೆಯವರಿಂದ ತರಿಸಿಕೊಳ್ಳಿ. ಯಾವ ವರ್ಷ, ಏನು ಬಿತ್ತು, ಎಷ್ಟು ಹೊತ್ತಿಗೆ ತೊಳೆದರು, ಯಾವ ಆಪರೇಶನ್ ಆಯಿತು ಇಷ್ಟಿರಬೇಕು. ಚೀಟಿ ಕಳೆದಿದ್ದರೆ ಗಾಯಕ್ಕೆ ಮುಂಚಿನ, ಆಮೇಲಿನ ಫೋಟೊಗಳಾದರೂ ಉಪಯೋಗಕ್ಕೆ ಬರುತ್ತವೆ.

ಪರೀಕ್ಷೆಯಲ್ಲಿ ಕಿತ್ತಳೆ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಡುತ್ತಾರೆ. ಗಟ್ಟಿ ಮೇಲ್ಪದರ ಬಣ್ಣ ಹಿಡಿಯುವುದಿಲ್ಲ, ಸೋತ ಪದರ ಸುಳಿಸುಳಿಯಾಗಿ ಹಸಿರು ಹೊಳೆಯುತ್ತದೆ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸುತ್ತಾರೆ. 5 ಮಿಲಿಮೀಟರಿಗಿಂತ ಕಡಿಮೆ ಒದ್ದೆಯಾದರೆ ಕಣ್ಣು ತೀರಾ ಒಣಗಿದೆ ಎಂದರ್ಥ. ನೀರಿಲ್ಲದ ಗದ್ದೆಗೆ ಯಾರೂ ನಾಟಿ ಮಾಡುವುದಿಲ್ಲ. ಅಂಥವರಿಗೆ ಅವರದೇ ರಕ್ತದಿಂದ ತೆಗೆದ ಸೀರಮ್ ಹನಿಯನ್ನು ಎನ್‌ಎಚ್‌ಎಸ್ ರಕ್ತನಿಧಿಯ ಮೂಲಕ ಕೊಡುವುದುಂಟು. ಒಳಗೆ ತಿರುಗಿದ ರೆಪ್ಪೆಕೂದಲು, ಏರಿದ ಒತ್ತಡ ಇವನ್ನೂ ಮೊದಲು ಸರಿಮಾಡುತ್ತಾರೆ. ‘ಇನ್ನೂ ಆಪರೇಶನ್ ಮಾಡುತ್ತಿಲ್ಲ’ ಎಂದು ಬೇಸರವಾಗುವ ತಿಂಗಳುಗಳು ಇವೇ. ಕಸಿ ಹಿಡಿಯುವುದು ಈ ತಿಂಗಳುಗಳ ಕೆಲಸದಿಂದ.

ಒಂದೇ ಕಣ್ಣು ಸುಟ್ಟಿದ್ದರೆ ಚೆನ್ನಾಗಿರುವ ಕಣ್ಣಿನ ಅಂಚಿನಿಂದಲೇ ತೆಗೆದು ಹಾಕುವುದು ಮೊದಲ ಆಯ್ಕೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ವೀರೇಂದರ್ ಸಾಂಗ್ವಾನ್ ತಂಡ ರೂಪಿಸಿ 2012ರಲ್ಲಿ ಪ್ರಕಟಿಸಿದ ಸ್ಲೆಟ್ ವಿಧಾನದಲ್ಲಿ 2 ಮಿಲಿಮೀಟರ್ ಚೌಕದ ಚೂರು ಸಾಕು. ಅದನ್ನು ಹತ್ತರಷ್ಟು ತುಣುಕು ಮಾಡಿ, ಕೆರೆದು ಶುಚಿಮಾಡಿದ ಕಾರ್ನಿಯಾಕ್ಕೆ ಗರ್ಭಚೀಲದ ಪದರ ಹೊದಿಸಿ, ಅದರ ಮೇಲೆ ಫೈಬ್ರಿನ್ ಅಂಟಿನಿಂದ ಕೂರಿಸುತ್ತಾರೆ. ಪ್ರಯೋಗಾಲಯ ಬೇಕಿಲ್ಲ. ಇನ್ನೊಂದು ಹೋಲೋಕ್ಲಾರ್. ಇಟಲಿಯ ಪೆಲ್ಲೆಗ್ರಿನಿ, ಡಿ ಲೂಕಾ 1997ರಲ್ಲಿ ತೋರಿಸಿದ ಕೋಶ ಬೆಳೆಸುವ ದಾರಿ ಇದು. 1–2 ಚದರ ಮಿಲಿಮೀಟರ್ ಚೂರನ್ನು ಅಲ್ಲಿನ ಮೊಡೆನಾ ನಗರಕ್ಕೆ ಕಳಿಸಿ, ಬೆಳೆಸಿ ತರಿಸುವ ಕ್ರಮ. ಯಾವ ಚಿಕಿತ್ಸೆ ಕೊಡಬಹುದೆಂದು ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2017ರಲ್ಲಿ ಇದನ್ನು ಒಪ್ಪಿತು. ಒಂದು ಕಣ್ಣಿನ ಮಟ್ಟಿಗೆ, ಅಂಚಿನ ಪದರವನ್ನು ಬೆಳೆಸದೆ ನೇರ ಕಸಿ ಆಗಲೇ ಮಾಡಿದ್ದರೆ ಅಥವಾ ಅದಕ್ಕೆ ಸಾಕಷ್ಟು ಅಂಚು ಇಲ್ಲದಿದ್ದರೆ ಎಂಬ ಷರತ್ತು ಹಾಕಿತ್ತು. ನಿಮ್ಮ ಕೇಂದ್ರದಲ್ಲಿ ಈಗ ಯಾವುದು ಸಿಗುತ್ತದೆ ಎಂದು ಕನ್ಸಲ್ಟೆಂಟರನ್ನೇ ಕೇಳಿ. ಎರಡೂ ಕಣ್ಣು ಪೂರ್ತಿ ಹೋಗಿದ್ದರೆ ಒಡಹುಟ್ಟಿದವರಿಂದಲೋ ಮೃತ ದಾನಿಯಿಂದಲೋ ತೆಗೆಯಬೇಕಾಗುತ್ತದೆ. ಆಗ ರೋಗನಿರೋಧ ತಗ್ಗಿಸುವ ಮಾತ್ರೆಯನ್ನು ಬಹುಕಾಲ ನುಂಗಬೇಕು, ಆಗಾಗ ರಕ್ತಪರೀಕ್ಷೆಯೂ ಇರುತ್ತದೆ.

ಕಸಿಯಾದ ಮೇಲೆ ಕಣ್ಣು ಉಜ್ಜಿದರೆ ತುಣುಕು ಕಿತ್ತುಬರುತ್ತದೆ, ಆದ್ದರಿಂದ ನಿದ್ದೆಗೆ ಗಟ್ಟಿ ಶೀಲ್ಡ್ ಹಾಕಿಕೊಳ್ಳಿ. ಆಳದ ಕಲೆ ಉಳಿದಿದ್ದರೆ ಕಾರ್ನಿಯಾ ಕಸಿಯ ಮಾತು ಸಾಮಾನ್ಯವಾಗಿ ವರ್ಷ ಕಳೆದ ಮೇಲೆ.

ದುಡ್ಡು

ವೀಸಾದೊಂದಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಾದರೆ 776, ಆರೋಗ್ಯ ಸರ್‌ಚಾರ್ಜ್ ಕಟ್ಟಿರುತ್ತೀರಲ್ಲ, ಆಪರೇಶನ್ ಅದರಲ್ಲೇ ಬಂತು. ಇಂಗ್ಲೆಂಡಿನಲ್ಲಿ ಹನಿಗೆ ಮಾತ್ರ ತಲಾ 9.90 ಪೌಂಡ್. ಮೂರು ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ಬೇಕಾಗುವುದಾದರೆ 32.05 ಪೌಂಡಿನ ಪ್ರೀಪೇಮೆಂಟ್ ಸರ್ಟಿಫಿಕೇಟ್ ಮಾಡಿಸಿ. ಸ್ಕಾಟ್ಲೆಂಡ್, ವೇಲ್ಸಿನಲ್ಲಿ ಔಷಧಿ ಉಚಿತ.

ಮೊಮ್ಮಗುವನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಲೆಕ್ಕ ಬೇರೆ. ಎ ಅಂಡ್ ಇ ಉಚಿತ, ದಾಖಲಾದರೆ ಅಥವಾ ಹೊರರೋಗಿ ವಿಭಾಗಕ್ಕೆ ಹೋದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. 500 ಪೌಂಡಿಗೂ ಮೇಲಿನ ಬಾಕಿ ಎರಡು ತಿಂಗಳು ಉಳಿದರೆ ಮುಂದಿನ ವೀಸಾಕ್ಕೆ ತೊಡಕು. ಅವರ ಕಣ್ಣಿನ ಹಳೆಯ ಹೂವಿಗೆ ಹೈದರಾಬಾದಿನ ಆ ಸಂಸ್ಥೆಯೇ ಸರಿ.

ಕಾರು ಓಡಿಸುವವರು 20 ಮೀಟರ್ ದೂರದ ನಂಬರ್ ಪ್ಲೇಟ್ ಓದಬೇಕು, ಕನ್ನಡಕ ಹಾಕಿಯಾದರೂ ಸರಿ. ಒಂದು ಕಣ್ಣು ಚೆನ್ನಾಗಿದ್ದು ಅದರಿಂದ ಕಾನೂನು ಕೇಳುವಷ್ಟು ಕಂಡರೆ ಸ್ವಂತ ಕಾರಿಗೆ ಸಾಕು. ಎರಡೂ ಕಣ್ಣಿಗೆ ತೊಂದರೆಯಿದ್ದರೆ ಲೈಸೆನ್ಸ್ ಕೊಡುವ ಕಚೇರಿಯಾದ ಡಿವಿಎಲ್‌ಎಗೆ ತಿಳಿಸಲೇಬೇಕು.