ಮೊಣಕೈ ಕೃತಕ ಕೀಲು ಮತ್ತೆ ಕೆಟ್ಟಿತೇ? ಎರಡನೇ ರಿವಿಜನ್‌ಗೆ ಮುನ್ನ ಹೀಗೆ ಮಾಡಿ

ಹಿಂದಿನ ಕೀಲು ಏಕೆ ಕೆಟ್ಟಿತು ಎಂಬುದು ಗೊತ್ತಾಗುವವರೆಗೆ ಮುಂದಿನ ರಿವಿಜನ್‌ಗೆ, ಅಂದರೆ ಕೆಟ್ಟ ಕೀಲನ್ನು ಬದಲಿಸುವ ಆಪರೇಷನ್‌ಗೆ, ದಿನ ಗೊತ್ತುಮಾಡಬೇಡಿ.

1. ದಾಖಲೆ ಒಟ್ಟುಮಾಡಿ. ಎಲ್ಲ ಎಕ್ಸ್‌ರೇಗಳು, ಆಪರೇಷನ್ ನೋಟ್ಸ್, ಕೀಲಿನ ಕಂಪನಿ, ಮಾದರಿ, ಅಳತೆ ಇರುವ ಸ್ಟಿಕ್ಕರ್ ಬೇಕು. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಲೋಹದ ಭಾಗ ಗಟ್ಟಿಯಾಗಿದ್ದು ನಡುವಿನ ಪ್ಲಾಸ್ಟಿಕ್ ಬುಶಿಂಗ್ ಮಾತ್ರ ಸವೆದಿದ್ದರೆ ಅದನ್ನಷ್ಟೇ ಬದಲಿಸಬಹುದು. ಆದರೆ ಅದೇ ಮಾದರಿಯದ್ದೇ ಬೇಕು.

2. ಸೋಂಕು ಇದೆಯೇ ನೋಡಿಸಿ. ಬಹಳ ಜನ ಎಡವುವುದು ಇಲ್ಲೇ. ಕೀವಿಲ್ಲ, ಜ್ವರವಿಲ್ಲ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಸರಿಯಿದೆ ಎಂದು ಸುಮ್ಮನಾಗುತ್ತಾರೆ. ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್, ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್‌ನಂಥ ಚರ್ಮದ ಬ್ಯಾಕ್ಟೀರಿಯಾಗಳು ಲೋಹದ ಮೇಲೆ ತೆಳು ಪೊರೆ ಕಟ್ಟಿಕೊಂಡು ಬಹುಕಾಲ ಅಡಗಿರುತ್ತವೆ, ರಕ್ತಪರೀಕ್ಷೆಯಲ್ಲಿ ಸುಳಿವೇ ಕೊಡದಿರಬಹುದು. ಆದ್ದರಿಂದ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳ ಜೊತೆಗೆ ಸೂಜಿ ಹಾಕಿ ಕೀಲಿನ ನೀರು ತೆಗೆಸಲೇಬೇಕು. ಅದಕ್ಕೆ ಮುಂಚಿನ 2 ವಾರ ಆ್ಯಂಟಿಬಯೋಟಿಕ್ ತೆಗೆದುಕೊಂಡಿರಬಾರದು. ನೋವೆಂದು ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ಹೋದರೆ ಕಲ್ಚರ್‌ನಲ್ಲಿ (ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ, ಸೋಂಕಿಲ್ಲವೆಂಬ ಸುಳ್ಳು ವರದಿ ಕೈಗೆ ಬರಬಹುದು. (ಜ್ವರ ಏರಿ ಸ್ಥಿತಿ ಬಿಗಡಾಯಿಸಿದವರು ಮಾತ್ರ ಕಾಯುವಂತಿಲ್ಲ, ಔಷಧ ನಿಲ್ಲಿಸುವುದು ವೈದ್ಯರನ್ನು ಕೇಳಿಯೇ.) ಕಲ್ಚರನ್ನು 14 ದಿನ ಇಡುವಂತೆ ಲ್ಯಾಬ್‌ಗೆ ಬರೆದುಕೊಡಬೇಕು. ಆಕ್ನೆಸ್ ನಿಧಾನವಾಗಿ ಬೆಳೆಯುತ್ತದೆ, 5 ದಿನಕ್ಕೆ ಮುಗಿಸಿದರೆ ಕೈತಪ್ಪುತ್ತದೆ. ಆಪರೇಷನ್ ವೇಳೆಯೂ ಬೇರೆಬೇರೆ ಜಾಗದಿಂದ ಕನಿಷ್ಠ 5 ಅಂಗಾಂಶದ ತುಣುಕು ಹೋಗಲಿ. ಗಾಯ ಒರೆಸಿದ ಸ್ವಾಬ್ ನಂಬಬೇಡಿ.

ಸೋಂಕು ಖಚಿತವಾದರೆ ಎರಡು ಹಂತದ ದಾರಿಯೇ ಮೇಲು: ಕೀಲು, ಅದನ್ನು ಮೂಳೆಗೆ ಅಂಟಿಸಿದ ಹಳೆಯ ಸಿಮೆಂಟ್ ಪೂರ್ತಿ ತೆಗೆದು, ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ಸ್ಪೇಸರ್ (ಖಾಲಿ ಜಾಗ ತುಂಬುವ ತಾತ್ಕಾಲಿಕ ತುಂಡು) ಇಟ್ಟು, ಸಾಮಾನ್ಯವಾಗಿ 6 ವಾರ ಔಷಧ ಕೊಟ್ಟು, ಆಮೇಲೆ ಹೊಸ ಕೀಲು. ಬರೀ ತೊಳೆದು ಹೊಲಿಯುವುದು ಹಳೆಯ ಸೋಂಕಿಗೆ, ಸಡಿಲವಾದ ಕೀಲಿಗೆ ಉಪಯೋಗವಿಲ್ಲ.

3. ಮೂಳೆ, ಸ್ನಾಯು, ನರ. ಉಳಿದ ಮೂಳೆ ಎಷ್ಟೆಂದು ಸಿ.ಟಿ. ಸ್ಕ್ಯಾನ್ ಹೇಳುತ್ತದೆ, ತೀರಾ ಕಡಿಮೆಯಿದ್ದರೆ ಉದ್ದ ಸ್ಟೆಮ್ (ಮೂಳೆಯೊಳಗೆ ಕೂರುವ ಕೀಲಿನ ಕಡ್ಡಿ), ಕೆಲವೊಮ್ಮೆ ದಾನಿಯ ಮೂಳೆ ಬೇಕು. ತೋಳನ್ನು ತಲೆಯ ಮೇಲೆತ್ತಿ ಮೊಣಕೈ ನೆಟ್ಟಗೆ ಮಾಡಿ ನೋಡಿ. ಆಗದಿದ್ದರೆ ಟ್ರೈಸೆಪ್ಸ್ ಸ್ನಾಯು ಕಳಚಿರಬಹುದು. ಕಿರುಬೆರಳಿನ ಜೋಮು (ನರದ ತೊಂದರೆಯ ಸುಳಿವು) ಮೊದಲೇ ಇದ್ದರೆ ಬರೆಸಿಡಿ. ಸಿಮೆಂಟ್ ಕೆತ್ತುವಾಗ ತೋಳಿನ ಮೂಳೆ ತೂತಾಗಿ ರೇಡಿಯಲ್ ನರಕ್ಕೆ ಪೆಟ್ಟು ಬೀಳುವ ಅಪಾಯವನ್ನೂ ಕೇಳಿ ತಿಳಿಯಿರಿ.

4. ಏನು ಸಿಗುತ್ತದೆ ಎಂದು ಮೊದಲೇ ಮಾತಾಡಿ. ನೋವು ಇಳಿಯಬಹುದು, ಆದರೆ ಪ್ರತಿ ರಿವಿಜನ್‌ಗೂ ತೊಡಕು ಹೆಚ್ಚುತ್ತದೆ. ಮೊಣಕೈ 30ರಿಂದ 130 ಡಿಗ್ರಿವರೆಗೆ ಮಡಚಿದರೆ ದಿನದ ಬಹುಪಾಲು ಕೆಲಸ ಸಾಗುತ್ತದೆ. ಭಾರದ ಮಿತಿ ಸಾಮಾನ್ಯವಾಗಿ ಒಮ್ಮೆಗೆ 5 ಕೆ.ಜಿ., ಪದೇ ಪದೇ ಎತ್ತುವುದಾದರೆ 1 ಕೆ.ಜಿ., ಅದೂ ಜೀವನಪೂರ್ತಿ. ಸೋಂಕು ಮರುಕಳಿಸುತ್ತಲೇ ಇರುವವರಿಗೆ ಇನ್ನೊಂದು ಕೀಲಿಗಿಂತ, ಇದ್ದದ್ದನ್ನು ತೆಗೆದು ಹಾಗೆಯೇ ಬಿಡುವುದು ಲೇಸು. ತೋಳಿನ ಮೂಳೆಯ ತುದಿಯ ಎರಡೂ ಬದಿ ಉಳಿದಿದ್ದರೆ ಅಲುಗಾಟ ಕಡಿಮೆ. ಉಳಿದಿಲ್ಲದಿದ್ದರೆ ಬ್ರೇಸ್ ಕಟ್ಟಿಕೊಂಡೇ ಕೈ ಬಳಸಬೇಕಾದೀತು.