ಗಿನಿ ಪಿಗ್ ಮರಿ ಮಾಡಿಸುವ ಮೊದಲು ಮರಿಗಳಿಗೆ ಮನೆ ಹುಡುಕಿ

ಗಿನಿ ಪಿಗ್ ಮರಿ ಮಾಡಿಸಬೇಕು ಎಂದು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು. ಹುಟ್ಟುವ ಮರಿಗಳು ಯಾರ ಮನೆಗೆ ಹೋಗುತ್ತವೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಬೇಡವೇ ಬೇಡ ಎನ್ನುತ್ತೇನೆ.

ನಾನು ಬಾಗಲಕೋಟೆಯ ನವನಗರದಲ್ಲಿ ಕೆಲವು ವರ್ಷಗಳಿಂದ ಇಲಿ, ಅಳಿಲುಗಳ ಬಳಗದ ಈ ಪುಟ್ಟ ಪ್ರಾಣಿಗಳನ್ನು ಸಾಕುತ್ತಿದ್ದೇನೆ. ಮೊದಲ ಮರಿಗಳು ನಾನು ಮಾಡಿಸಿದ್ದಲ್ಲ. ಅಂಗಡಿಯಿಂದ ತಂದ ಹೆಣ್ಣು ಅಲ್ಲೇ ಗಬ್ಬ ಆಗಿತ್ತು. ಗಂಡು ಮೂರು ವಾರಕ್ಕೆ, ಹೆಣ್ಣು ನಾಲ್ಕು ವಾರಕ್ಕೇ ಕೂಡಲು ಶುರು ಮಾಡಬಹುದು. ಎಲ್ಲವನ್ನೂ ಒಂದೇ ಗೂಡಿನಲ್ಲಿ ತುಂಬಿಟ್ಟರೆ ಹೀಗೇ ಆಗುತ್ತದೆ. ಇನ್ನೂ ಬೆಳೆಯುತ್ತಿರುವ ಮರಿಯೇ ತಾಯಿಯಾಗುತ್ತದೆ.

ಇನ್ನೊಂದು ತುದಿಯಲ್ಲೂ ಅಪಾಯ ಇದೆ. ಆರೇಳು ತಿಂಗಳವರೆಗೆ ಒಮ್ಮೆಯೂ ಮರಿ ಹಾಕದ ಹೆಣ್ಣಿನ ಸೊಂಟದ ಮುಂದಿನ ಮೂಳೆಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಆಮೇಲೆ ಗಬ್ಬ ಆದರೆ ಮರಿ ಹೊರಗೆ ಬರಲು ಜಾಗ ಬಿಡುವುದಿಲ್ಲ. ಆಪರೇಷನ್ ಮಾಡಬೇಕು, ಅದರಲ್ಲಿ ತಾಯಿ ಉಳಿಯುವ ಭರವಸೆ ಕಡಿಮೆ. ಇದನ್ನೇ ಹೇಳಿ ಕೆಲವರು ಅವಸರ ಮಾಡುತ್ತಾರೆ, ‘ಈಗ ಬಿಟ್ಟರೆ ಮತ್ತೆ ಆಗಲ್ಲ’ ಎಂದು. ಆಗದಿದ್ದರೆ ಬೇಡ ಬಿಡಿ. ಮರಿ ಹಾಕದ ಹೆಣ್ಣು ಐದಾರು ವರ್ಷ ಚೆನ್ನಾಗಿಯೇ ಬದುಕುತ್ತದೆ.

ಗಬ್ಬದ ಅವಧಿ 59ರಿಂದ 72 ದಿನ. ಇಷ್ಟು ಸಣ್ಣ ಪ್ರಾಣಿಗೆ ಇದು ಬಹಳ ಜಾಸ್ತಿ. ಮರಿಗಳು ಕೂದಲು, ಹಲ್ಲು ಎಲ್ಲ ಬಂದು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ. ಒಂದೊಂದು 60ರಿಂದ 100 ಗ್ರಾಂ ತೂಗುತ್ತದೆ. ಅಂಥ ಮೂರ್ನಾಲ್ಕು ಮರಿ ಹೊತ್ತ ತಾಯಿ ಕೊನೆಯ ವಾರಗಳಲ್ಲಿ ನಡೆಯಲೂ ಕಷ್ಟಪಡುತ್ತದೆ. ಆಗ ಅದು ಮೇವು ಬಿಟ್ಟರೆ ರಕ್ತದಲ್ಲಿ ವಿಷ ಏರಿ ಒಂದೆರಡು ದಿನದಲ್ಲೇ ಸಾಯಬಹುದು. ಹಾಗಾಗಿ ನಾನು ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಕ ನೋಡುತ್ತಿದ್ದೆ. ಆಗ ಗೂಡಿನ ಜಾಗ ಬದಲಿಸುತ್ತಿರಲಿಲ್ಲ, ಮಕ್ಕಳಿಗೆ ಎತ್ತಲು ಬಿಡುತ್ತಿರಲಿಲ್ಲ. ನಮ್ಮ ಹಾಗೇ ಇವಕ್ಕೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ, ಒಂದು ಚೂರು ಪೇರಲ ಕೊಡುತ್ತಿದ್ದೆ. ಗರಿಕೆ, ಒಣ ಹುಲ್ಲು ಯಾವಾಗಲೂ ಮುಂದಿರಬೇಕು. ಕುದುರೆ ಮೆಂತೆ (ಲ್ಯೂಸರ್ನ್ ಎಂಬ ಹಸಿರು ಮೇವು) ಗಬ್ಬದವಕ್ಕೆ, ಮರಿಗಳಿಗೆ ಮಾತ್ರ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ದೊಡ್ಡವಕ್ಕೆ ದಿನಾ ಹಾಕಿದರೆ ಮೂತ್ರದಲ್ಲಿ ಕಲ್ಲಾಗಬಹುದು.

ನಮ್ಮೂರಿನ ಬಿಸಿಲಂತೂ ಇವಕ್ಕೆ ಹೇಳಿದ್ದಲ್ಲ. ಇವು ತಂಪಾದ ಆಂಡಿಸ್ ಬೆಟ್ಟಗಳ ಕಡೆಯ ಪ್ರಾಣಿ. ಮೂವತ್ತು ಡಿಗ್ರಿ ದಾಟಿದರೇ ತತ್ತರಿಸುತ್ತವೆ, ಇಲ್ಲಿ ಏಪ್ರಿಲ್‌ನಲ್ಲಿ ನಲವತ್ತು ಸಾಮಾನ್ಯ. ನೆಲಮಟ್ಟದ ಕೋಣೆ, ಕೂಲರ್, ಕಿಟಕಿಗೆ ಒದ್ದೆ ಗೋಣಿಚೀಲ, ಮಲಗಲು ಇಳಕಲ್ ಗ್ರಾನೈಟಿನ ತುಂಡು, ಇಷ್ಟು ಮಾಡಿದರೂ ಬೇಸಿಗೆಯಲ್ಲಿ ಗಬ್ಬದ ಹೆಣ್ಣು ಇರಬಾರದು ಎಂಬುದು ನನ್ನ ನಿಯಮ. ಸೆಪ್ಟೆಂಬರ್‌ನಲ್ಲಿ ಕೂಡಿಸಿದರೆ ನವೆಂಬರ್ ತಂಪಿಗೆ ಹೆರಿಗೆ.

ಹೆರಿಗೆ ಅರ್ಧ ಗಂಟೆಯಲ್ಲಿ ಮುಗಿಯಬಹುದು. ತಾಯಿ ಒಂದೊಂದೇ ಮರಿಯ ಪೊರೆ ಹರಿದು ನೆಕ್ಕುತ್ತದೆ. ಎರಡು ಒಟ್ಟಿಗೆ ಬಂದರೆ ಎರಡನೆಯದು ಪೊರೆಯೊಳಗೇ ಉಸಿರುಕಟ್ಟಬಹುದು. ನಮ್ಮಲ್ಲಿ ಒಂದು ಹಾಗೇ ಹೋಯಿತು, ರಾತ್ರಿ ಹೊತ್ತು. ನೆನೆದರೆ ಈಗಲೂ ಸಂಕಟ ಆಗುತ್ತದೆ. ತೊಂದರೆಯಾದರೆ ಓಡುವುದೆಲ್ಲಿಗೆ? ನಮ್ಮ ಕಡೆ ವೈದ್ಯರ ಕೈ ಪಳಗಿರುವುದು ದನ, ಎಮ್ಮೆ, ಕುರಿಗಳಲ್ಲಿ. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಗಿನಿ ಪಿಗ್‌ನ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಪ್ರಾಣ ತೆಗೆಯಬಹುದು. ಇದು ಸಾಕುವವರಿಗೂ ಗೊತ್ತಿರಬೇಕು, ಔಷಧಿ ತರುವಾಗ ವೈದ್ಯರನ್ನು ಬಿಡಿಸಿ ಕೇಳಬೇಕು.

ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ. ಗಂಡು ಅಲ್ಲೇ ಇದ್ದರೆ ಹಾಲೂಡುತ್ತಲೇ ಮತ್ತೆ ಗಬ್ಬ. ಇದನ್ನೇ ಲಾಭ ಎಂದು ನೋಡುವವರಿದ್ದಾರೆ, ನನಗೆ ಅದು ಶುದ್ಧ ಹಿಂಸೆ. ಹೆರಿಗೆಗೆ ಎರಡು ವಾರ ಮೊದಲೇ ಗಂಡನ್ನು ಬೇರೆ ಮಾಡಿ. ಮೂರು ವಾರಕ್ಕೆ ಗಂಡು ಮರಿಗಳನ್ನೂ ತಾಯಿಯಿಂದ, ತಂಗಿಯರಿಂದ ತೆಗೆಯಿರಿ.

ಬಣ್ಣ ನೋಡಿ ಜೋಡಿ ಮಾಡುವವರು ಇದನ್ನು ಓದಲೇಬೇಕು. ಬಣ್ಣದ ಕೂದಲ ನಡುವೆ ಬಿಳಿ ಬೆರೆತದ್ದನ್ನು ರೋನ್, ಬಿಳಿ ಮೈಮೇಲೆ ಚುಕ್ಕೆ ಇರುವುದನ್ನು ಡಾಲ್ಮೇಷಿಯನ್ ಎನ್ನುತ್ತಾರೆ. ಇಂಥ ಎರಡನ್ನು ಕೂಡಿಸಿದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆಯಲ್ಲಿ ಅಚ್ಚ ಬಿಳಿ ಮರಿ ಹುಟ್ಟುತ್ತದೆ. ಅವು ಹೆಚ್ಚಾಗಿ ಕುರುಡು, ಹಲ್ಲು ನೆಟ್ಟಗಿರುವುದಿಲ್ಲ, ಬಹಳ ದಿನ ಬದುಕುವುದಿಲ್ಲ. ಅಂಗಡಿ ಪ್ರಾಣಿಯ ಅಪ್ಪ ಅಮ್ಮ ಯಾರೆಂದು, ಅದರಲ್ಲಿ ಈ ಗುಣ ಅಡಗಿದೆಯೇ ಎಂದು ಯಾರಿಗೆ ಗೊತ್ತು? ಅದಕ್ಕೇ ನಾನು ರೋನ್‌ಗಳನ್ನು ಕೂಡಿಸಲೇ ಇಲ್ಲ.

ಮರಿ ಕೊಡುವಾಗ ನಾನು ಮನೆ ನೋಡಿಯೇ ಕೊಟ್ಟಿದ್ದೇನೆ. ಒಬ್ಬರು ಬಂದು, “ಅಕ್ಕಾರ, ಗಂಡು ಹೆಣ್ಣು ಜೋಡಿನ ಕೊಡ್ರಿ” ಎಂದರು. “ಎರಡು ಹೆಣ್ಣು ಕೊಡ್ತೀನ್ರಿ, ಇಲ್ಲಾ ಅಣ್ಣ ತಮ್ಮ ಎರಡು ಗಂಡು ಕೊಡ್ತೀನಿ” ಎಂದೆ. ಅವರು ಹಾಗೇ ಹೋದರು. ಒಂದನ್ನೇ ಒಂಟಿಯಾಗಿ ಕೇಳಿದವರಿಗೂ ಕೊಡಲಿಲ್ಲ, ಇವು ಗುಂಪಿನ ಪ್ರಾಣಿ. ಅಂಗಡಿಗಂತೂ ಒಂದನ್ನೂ ಹಾಕಲಿಲ್ಲ. 2018ರ ಪೆಟ್ ಶಾಪ್ ನಿಯಮಗಳು ನಾಯಿ ಬೆಕ್ಕಿನ ಜೊತೆ ಗಿನಿ ಪಿಗ್‌ಗೂ ಅನ್ವಯಿಸುತ್ತವೆ, ಮಾರುವವರು ನೋಂದಣಿ ಮಾಡಿಸಬೇಕು.

ಒಪ್ಪುವ ಮನೆಗಳು ಸಿಗುವುದು ನಿಂತಾಗ ನಾನೂ ಕೂಡಿಸುವುದನ್ನು ನಿಲ್ಲಿಸಿದೆ. ಈಗ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಇವೆ. ಮರಿ ಬೇಕು ಎಂದು ಕೇಳಿದವರಿಗೆ, ಬೇರೆಯವರು ಸಾಕಲಾಗದೆ ಬಿಟ್ಟುಕೊಡುತ್ತಿರುವ ದೊಡ್ಡ ಗಿನಿ ಪಿಗ್‌ಗಳ ವಿಷಯ ತಿಳಿಸುತ್ತೇನೆ.